ಡನೀಡನ್‌ನಲ್ಲಿ ಹಳೆಯ ಮರದ ಮನೆಯನ್ನು ಬೆಚ್ಚಗಿಡುವುದು

ಈ ಮನೆಗೆ ಬಂದ ಮೊದಲ ವರ್ಷದ ಆಗಸ್ಟ್ ತಿಂಗಳಲ್ಲಿ, ವರಮಹಾಲಕ್ಷ್ಮಿ ಹಬ್ಬಕ್ಕೆ ಉಡೋಣವೆಂದು ಧಾರೆ ಸೀರೆಯನ್ನು ಬೀರುವಿನಿಂದ ತೆಗೆದಾಗ, ಅದರ ಮಡಿಕೆಯ ಉದ್ದಕ್ಕೂ ಬೂದಿ ಬಳಿದಂತೆ ಬೂಷ್ಟು ಹಿಡಿದಿತ್ತು. ಬೀರುವನ್ನು ಸರಿಸಿ ಹಿಂದಿನ ಗೋಡೆಯನ್ನು ಮುಟ್ಟಿದರೆ ಅಂಗೈ ಒದ್ದೆಯಾಯಿತು. ಮೂಗಿಗೆ ಬಡಿದದ್ದು ನನಗೆ ಚೆನ್ನಾಗಿ ಗೊತ್ತಿದ್ದ ಮುಗ್ಗಲು ವಾಸನೆ. ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕಂಬಳಿಗಳಿಂದ ಬರುತ್ತಿದ್ದ ಅದೇ ವಾಸನೆ. ಆದರೆ ಅಲ್ಲಿ ತಿಂಗಳುಗಟ್ಟಲೆ ಹೊರಗೆ ಮಳೆ ಹೊಯ್ಯುತ್ತಿತ್ತು. ಇಲ್ಲಿ ಹೊರಗೆ ಒಣ ಬಿಸಿಲಿತ್ತು, ನೀರಿದ್ದದ್ದು ಮನೆಯೊಳಗೆ. ಆ ಚಳಿಗಾಲವಿಡೀ ಮನೆಯನ್ನು ಬಿಸಿ ಮಾಡಲು ಹೆಣಗಿದ್ದ ನನಗೆ, ಮೊದಲು ಅದನ್ನು ಒಣಗಿಸಬೇಕಿತ್ತು ಎಂಬುದು ಹೊಳೆದದ್ದು ಆ ದಿನ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿರುವ ಡನೀಡನ್, ಸಮಭಾಜಕದಿಂದ ದಕ್ಷಿಣಕ್ಕೆ ಸುಮಾರು 46 ಡಿಗ್ರಿ ದೂರದ ಊರು. ಜುಲೈ ತಿಂಗಳಲ್ಲಿ ಇಲ್ಲಿಯ ಹಗಲು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ರಾತ್ರಿ ಮೂರು ನಾಲ್ಕು ಡಿಗ್ರಿಯಲ್ಲಿ ಇರುತ್ತದೆ. ಕೆನಡಾದಲ್ಲಿರುವ ನಮ್ಮವರಿಗೆ ಇದು ಚಳಿಯೆಂದೇ ಅನ್ನಿಸಲಾರದು. ಆದರೆ ಅವರ ಮನೆಗಳು ಚಳಿಗೆಂದೇ ಕಟ್ಟಿದವು. ಇಲ್ಲಿಯ ಹಳೆಯ ಮನೆಗಳನ್ನು ಮಾತ್ರ ಯಾರೋ ಬೇಸಿಗೆಯ ಮಧ್ಯಾಹ್ನ ಕೂತು ಯೋಚಿಸಿ ಕಟ್ಟಿದಂತಿದೆ. ನಮ್ಮದು ಇಪ್ಪತ್ತನೆಯ ಶತಮಾನದ ಆರಂಭದ, ಇಲ್ಲಿಯವರು ‘ವಿಲ್ಲಾ’ ಎಂದು ಕರೆಯುವ ಬಗೆಯ ಮನೆ. ಬೆಂಗಳೂರಿನ ಜಾಹೀರಾತುಗಳ ವಿಲ್ಲಾವನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ನೆಲದಿಂದ ಎರಡಡಿ ಮೇಲೆ ಮೋಟುಕಂಬಗಳ ಮೇಲೆ ನಿಂತ ರಿಮು ಮರದ ಚೌಕಟ್ಟು, ಹೊರಗೆ ಒಂದರ ಮೇಲೊಂದು ಅಂಚು ಬರುವಂತೆ ಹೊಡೆದ ಹಲಗೆಗಳು, ಮೇಲೆ ಸುಕ್ಕುತಗಡು, ಒಳಗೆ ಹತ್ತು ಹನ್ನೊಂದು ಅಡಿ ಎತ್ತರದ ಕೋಣೆಗಳು, ಮುಂಬಾಗಿಲಿನಿಂದ ಹಿಂಬದಿಯವರೆಗೆ ಮನೆಯ ನಡುವೆ ಒಂದು ಉದ್ದನೆಯ ಓಣಿ. ಕೋಣೆಗಳ ಒಳಗೋಡೆಯೆಂದರೆ ಹಲಗೆಯ ಮೇಲೆ ಗೋಣಿಯಂಥ ಬಟ್ಟೆ ಬಿಗಿದು, ಅದರ ಮೇಲೆ ಅಂಟಿಸಿದ ಕಾಗದ ಅಷ್ಟೆ. ಅಂಟಾರ್ಕ್ಟಿಕದ ಕಡೆಯಿಂದ ತೆಂಕಣ ಗಾಳಿ ಬೀಸಿದ ರಾತ್ರಿ ಆ ಕಾಗದ ಉಬ್ಬುತ್ತದೆ, ಇಳಿಯುತ್ತದೆ; ಮಲಗಿಕೊಂಡು ನೋಡುತ್ತಿದ್ದರೆ ಗೋಡೆಯೇ ಉಸಿರಾಡುತ್ತಿರುವಂತೆ ಕಾಣುತ್ತದೆ.

ಹೊಸ ಮನೆಗಳಿಗೆ ಇನ್ಸುಲೇಷನ್, ಅಂದರೆ ಶಾಖ ಸೋರದಂತೆ ತಡೆಯುವ ಹೊದಿಕೆ, ಹಾಕಲೇಬೇಕೆಂಬ ನಿಯಮ ಈ ದೇಶದಲ್ಲಿ ಬಂದದ್ದು 1978ರಲ್ಲಿ. ಅದಕ್ಕಿಂತ ಮೊದಲಿನ ಮನೆಗಳಲ್ಲಿ ಅದು ಇದ್ದರೆ, ನಂತರ ಯಾರಾದರೂ ಪುಣ್ಯಾತ್ಮರು ಸೇರಿಸಿದ್ದು. ಬಾಡಿಗೆ ಮನೆಗಳಿಗೆ 2019ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಮುಖ್ಯ ಕೋಣೆಯನ್ನು 18 ಡಿಗ್ರಿಗೆ ಏರಿಸಬಲ್ಲ ಹೀಟರ್, ಅಟ್ಟದಲ್ಲೂ ನೆಲದಡಿಯಲ್ಲೂ ಇನ್ಸುಲೇಷನ್, ಗಾಳಿ ನುಗ್ಗುವ ಸಂದುಗಳಿಗೆ ತಡೆ, ಇವೆಲ್ಲವನ್ನೂ ಮಾಲೀಕರು ಒದಗಿಸಬೇಕು. ಸ್ವಂತ ಮನೆಯವರನ್ನು ಯಾರೂ ಕೇಳುವುದಿಲ್ಲ. ಬಾಡಿಗೆ ಮನೆಯ ಬೆಚ್ಚಗಿನ ಕೋಣೆ ಬಿಟ್ಟು ಸ್ವಂತದ್ದೆಂಬ ಸಡಗರದಲ್ಲಿ ಈ ಮನೆಗೆ ಬಂದ ನಮಗೆ, ಆ ವ್ಯತ್ಯಾಸ ಮೇ ತಿಂಗಳು ಮುಗಿಯುವುದರೊಳಗೆ ತಿಳಿಯಿತು.

ಮನೆ ಆರಿಸುವಾಗ ಮಾಡಿದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಪೂರ್ವಕ್ಕೆ ಬಾಗಿಲು, ಆಗ್ನೇಯಕ್ಕೆ ಅಡುಗೆಮನೆ ಎಂದು ಮನೆಯವರೆಲ್ಲ ಫೋನಿನಲ್ಲೇ ಒಪ್ಪಿಗೆ ಕೊಟ್ಟಿದ್ದರು. ಭೂಮಿಯ ಈ ಅರ್ಧದಲ್ಲಿ ನಡುಹಗಲ ಸೂರ್ಯ ಇರುವುದು ಉತ್ತರದಲ್ಲಿ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಜೂನ್‌ನಲ್ಲಿ ಸೂರ್ಯ ತೀರ ಕೆಳಗೆ ಸಾಗುವುದರಿಂದ ಮನೆಯ ದಕ್ಷಿಣದ ಗೋಡೆಗೆ ಚಳಿಗಾಲವಿಡೀ ಬಿಸಿಲಿನ ಸೋಂಕೇ ಇರುವುದಿಲ್ಲ. ಬೀರುವನ್ನು ನಾನು ಒರಗಿಸಿ ಇಟ್ಟಿದ್ದು ಅದೇ ಗೋಡೆಗೆ.

ಆ ಮೊದಲ ಚಳಿಗಾಲದಲ್ಲಿ ಚಳಿಗೆ ಮದ್ದೆಂದರೆ ಬೆಂಕಿ ಎಂದೇ ನಾನು ತಿಳಿದಿದ್ದೆ. ಮಳೆಗಾಲದ ಸಂಜೆ ಬಚ್ಚಲ ಒಲೆಯ ಮುಂದೆ ಕೂತು ಚಳಿ ಕಾಯಿಸಿಕೊಂಡು ಬೆಳೆದವಳಿಗೆ ಬೇರೆ ದಾರಿ ತೋಚುವುದಾದರೂ ಹೇಗೆ? ಚಕ್ರವಿರುವ, ಒಳಗೆ ಗ್ಯಾಸ್ ಸಿಲಿಂಡರ್ ಇಡುವ ಹೀಟರ್ ಒಂದನ್ನು ಯಾರಿಂದಲೋ ಕೊಂಡು ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ಹೋಗುತ್ತಿದ್ದೆ. ಅದಕ್ಕೆ ಹೊಗೆಕೊಳವೆ ಇಲ್ಲ. ಉರಿದದ್ದೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಆವಿಯಾಗಿ ಹುಟ್ಟುತ್ತದೆ ಎಂಬುದು ಶಾಲೆಯ ರಸಾಯನಶಾಸ್ತ್ರವೇ ಹೇಳುವ ಮಾತು, ಆದರೆ ಪರೀಕ್ಷೆ ಮುಗಿದ ಮೇಲೆ ಅದನ್ನು ನೆನಪಿಟ್ಟುಕೊಂಡವರು ಯಾರು? ವಿಷಾನಿಲದ ಭಯ ಬೇರೆ. ಸಂಜೆ ಮೂರು ಗಂಟೆ ಕಾಲ ಕೋಣೆ ಬೆಚ್ಚಗಾಗುತ್ತಿತ್ತು. ಆರಿಸಿದ ಅರ್ಧ ಗಂಟೆಯೊಳಗೆ ಬಿಸಿಯೆಲ್ಲ ಹಲಗೆಯ ಸಂದುಗಳಿಂದ ಜಾರಿಹೋಗಿ, ಹಿಂದೆ ಉಳಿದ ನೀರಾವಿ ಅತ್ಯಂತ ತಣ್ಣಗಿನ ಗೋಡೆಯನ್ನು ಹುಡುಕಿಕೊಂಡು ಹೋಗಿ ಬೀರುವಿನ ಹಿಂದೆ ನೀರಾಗಿ ಕೂರುತ್ತಿತ್ತು. ಅಮ್ಮನಿಗೆ ಫೋನಿನಲ್ಲಿ ಸೀರೆಯ ಕಥೆ ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಮನೆಯ ಅಡಿ ಹೇಗಿದೆ ಅಂತ ನೋಡಿದ್ದೀಯೇನೆ?” ನೋಡಿರಲಿಲ್ಲ.

ಮರುವಾರ ಟಾರ್ಚ್ ಹಿಡಿದು, ಹಿಂಬದಿಯ ಪುಟ್ಟ ಬಾಗಿಲಿನಿಂದ ಹೊಟ್ಟೆಯ ಮೇಲೆ ತೆವಳಿಕೊಂಡು ನೆಲದಡಿಗೆ ಇಳಿದೆ. ಮಣ್ಣು ನೋಡಲು ಒಣಗಿದಂತೆ ಇತ್ತು, ಆದರೆ ಅಲ್ಲೇ ಬಿದ್ದಿದ್ದ ಒಂದು ರಟ್ಟನ್ನು ಎತ್ತಿದರೆ ಅದರ ಅಡಿ ಒದ್ದೆ ಮುದ್ದೆಯಾಗಿತ್ತು. ನೂರು ಚದರ ಮೀಟರ್ ಮನೆಯಡಿಯ ಬರಿಮಣ್ಣು ದಿನಕ್ಕೆ 40 ಲೀಟರಿನಷ್ಟು ನೀರನ್ನು ಆವಿಯಾಗಿ ಬಿಡಬಲ್ಲದೆಂದು ಇಲ್ಲಿಯ ಕಟ್ಟಡ ಸಂಶೋಧನಾ ಸಂಸ್ಥೆ ಬ್ರ್ಯಾಂಜ್ ಹೇಳುತ್ತದೆ. ಎರಡು ಮೂರು ಕೊಡ ನೀರನ್ನು ಪ್ರತಿದಿನ ಯಾರೋ ನಮ್ಮ ಹಾಸಿಗೆಯ ಕೆಳಗೆ ಚೆಲ್ಲಿ ಹೋದಂತೆ. ಅದಕ್ಕೆ ಪರಿಹಾರ ಮಾತ್ರ ನಾಚಿಕೆಯಾಗುವಷ್ಟು ಸರಳ: ಕಾಲು ಮಿಲಿಮೀಟರ್ ದಪ್ಪದ ಪಾಲಿಥೀನ್ ಹಾಳೆಯನ್ನು ಮಣ್ಣಿನ ಮೇಲೆ ಹಾಸಿ, ಜೋಡಣೆಯಲ್ಲಿ ಒಂದರ ಮೇಲೊಂದು ಬರುವಂತೆ ಮಡಿಸಿ ಟೇಪ್ ಹಚ್ಚಿ, ಮೋಟುಕಂಬಗಳ ಸುತ್ತ ಕತ್ತರಿಸಿ ಬಿಗಿಯಾಗಿ ಕೂರಿಸುವುದು. ನಾನೂ ನನ್ನ ಗಂಡನೂ ಒಂದು ಶನಿವಾರ, ಒಂದು ಭಾನುವಾರ ಮಾಡಿದ ಕೆಲಸ ಅದು. ಈ ಮನೆಗೆ ನಾವು ಮಾಡಿದ ಖರ್ಚಿನಲ್ಲಿ ಅತಿ ಕಡಿಮೆಯದೂ ಅದೇ, ಅತಿ ಹೆಚ್ಚು ಫಲ ಕೊಟ್ಟದ್ದೂ ಅದೇ.

ಅಲ್ಲಿ ಒಂದು ಎಚ್ಚರಿಕೆ ಬೇಕು. ಮನೆಯ ಪಾದದ ಸುತ್ತ ಗಾಳಿಯಾಡಲೆಂದು ಬಿಟ್ಟ ಕಿಂಡಿಗಳನ್ನು, ತಣ್ಣನೆಯ ಗಾಳಿ ಬರುತ್ತದೆಂದು ಮುಚ್ಚಿಬಿಡುವವರಿದ್ದಾರೆ. ಗಾಳಿ ನಿಂತರೆ ತೊಲೆಗಳಿಗೆ ಪಸೆ ಹಿಡಿಯುತ್ತದೆ, ಪಸೆ ಹಿಡಿದ ಮರಕ್ಕೆ ಕುಟ್ಟೆ ಹುಳ ಬೀಳುತ್ತದೆ, ಕೊನೆಗೆ ಚಳಿಯ ಜೊತೆ ನೆಲವೂ ಹೋಗುತ್ತದೆ. ಗಾಳಿ ನೆಲದಡಿ ಓಡಾಡಲಿ, ಹಲಗೆ ದಾಟಿ ಮೇಲೆ ಬರದಿದ್ದರೆ ಸಾಕು. ಅದಕ್ಕಾಗಿ ಜಂತೆಗಳ ನಡುವೆ ಪಾಲಿಯೆಸ್ಟರ್ ಹಾಸುಗಳನ್ನು ನೆಲಹಲಗೆಗೆ ಒತ್ತಿಕೊಂಡಿರುವಂತೆ ಸಿಕ್ಕಿಸಿ ಪಟ್ಟಿ ಹೊಡೆಸಿದೆವು. ನಡುವೆ ಬೆರಳಗಲ ಸಂದು ಉಳಿದರೂ ಗಾಳಿ ಅಲ್ಲೇ ನುಸುಳಿ ಹಾಸಿನ ಪ್ರಯೋಜನವನ್ನು ಕಸಿದುಕೊಳ್ಳುತ್ತದೆ. ಹಿಂದಿನವರು ಅಲ್ಲಿ ಅಲ್ಯುಮಿನಿಯಂ ಬೇಗಡೆ ಹೊಡೆದಿದ್ದರು. ಅದು ಅಲ್ಲಲ್ಲಿ ಹರಿದು ಜೋತಾಡುತ್ತಿತ್ತು. ಅದಕ್ಕೆ ಮತ್ತೆ ಎರಡು ಪಿನ್ ಹೊಡೆದು ಬಿಗಿದರಾಯಿತು ಎಂದು ನನಗೆ ಅನ್ನಿಸಿದ್ದು ನಿಜ. ಹೊಡೆಯಲಿಲ್ಲ, ಸದ್ಯ. ಲೋಹದ ಪಿನ್ ನೆಲದಡಿಯ ವಿದ್ಯುತ್ ತಂತಿಯನ್ನು ಚುಚ್ಚಿ ಬೇಗಡೆಯಿಡೀ ವಿದ್ಯುತ್ ಹರಿದು ಜನ ಸತ್ತ ಮೇಲೆ, ಮನೆಗಳಲ್ಲಿ ಬೇಗಡೆಯ ಇನ್ಸುಲೇಷನ್ ಹಾಕುವುದನ್ನೂ ದುರಸ್ತಿ ಮಾಡುವುದನ್ನೂ 2016ರ ಜುಲೈನಿಂದ ಇಲ್ಲಿ ನಿಷೇಧಿಸಲಾಗಿದೆ. ಹಳೆಯ ಮನೆಯ ಅಡಿಗೆ ಇಳಿಯುವವರು ಮೊದಲು ಮೇನ್ ಸ್ವಿಚ್ ಆರಿಸಿ ಇಳಿಯಬೇಕು.

ಅಟ್ಟದ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದಾಗಲೇ ನನಗೆ ನಂಬಿಕೆ ಬಂದದ್ದು. ವಸ್ತುವೊಂದು ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಇಲ್ಲಿ ‘ಆರ್ ಮೌಲ್ಯ’ ಎಂಬ ಅಳತೆಯಿದೆ. ಬರೀ ಹಲಗೆಯ ಮಾಳಿಗೆಗೆ ಅದು ಸುಮಾರು 0.4 ಎಂದುಕೊಳ್ಳೋಣ. ನೂರು ಚದರ ಮೀಟರ್ ಮಾಳಿಗೆಯ ಎರಡು ಬದಿಗೆ 15 ಡಿಗ್ರಿ ಅಂತರವಿದ್ದರೆ ಮೇಲಕ್ಕೆ ಸೋರುವ ಶಾಖ 3,750 ವ್ಯಾಟ್, ಅಂದರೆ ಎರಡು ಸಾವಿರ ವ್ಯಾಟಿನ ಎರಡು ಹೀಟರುಗಳನ್ನು ಹಗಲೂ ರಾತ್ರಿ ಬರೀ ಆಕಾಶಕ್ಕಾಗಿ ಉರಿಸಿದಂತೆ. ಅದೇ ಮಾಳಿಗೆಯ ಮೇಲೆ ಹಾಸು ಹಾಕಿ ಒಟ್ಟು ಮೌಲ್ಯವನ್ನು 3.3ಕ್ಕೆ ಏರಿಸಿದರೆ ಸೋರಿಕೆ 455 ವ್ಯಾಟಿಗೆ ಇಳಿಯುತ್ತದೆ. ನಮ್ಮ ಅಟ್ಟದಲ್ಲಿ ಮೊದಲೇ ಏನೋ ಇತ್ತು. ಚೂರು ಕಾಗದದ ಹುಡಿ, ವರ್ಷಗಳಿಂದ ಕುಸಿದು ಕುಸಿದು ಎರಡು ಬೆರಳಿನಷ್ಟು ಉಳಿದಿತ್ತು, ಅದರಲ್ಲೂ ಇಲಿಗಳು ತಮ್ಮ ಪಾಲು ತೆಗೆದುಕೊಂಡಿದ್ದವು. ಅದರ ಮೇಲೆಯೇ ಗಾಜುನಾರಿನ ದಪ್ಪ ಹಾಸು ಹಾಕಿಸಿದೆವು. ಅಟ್ಟಕ್ಕೆ ಹತ್ತುವ ಮುಚ್ಚಳದ ಮೇಲೆ ಹಾಕಲು ಕೆಲಸಗಾರರು ಮರೆತಿದ್ದರು. ಓಣಿಯಲ್ಲಿ ನಿಂತಾಗ ನೆತ್ತಿಯ ಮೇಲೆ ಯಾರೋ ಊದಿದಂತೆ ಆಗುತ್ತಿದ್ದುದು ಅದರಿಂದಲೇ ಎಂದು ಗೊತ್ತಾಗಲು ಇನ್ನೊಂದು ತಿಂಗಳು ಹಿಡಿಯಿತು.

ಗೊತ್ತು ಮಾಡಿಕೊಟ್ಟದ್ದು ಊದುಬತ್ತಿ. ಗಾಳಿ ಎಲ್ಲಿಂದ ನುಗ್ಗುತ್ತದೆಂದು ಹುಡುಕಲು ಉಪಕರಣಗಳಿವೆ, ಅವನ್ನು ತಂದು ಅಳೆಯುವವರೂ ಇದ್ದಾರೆ. ನಾನು ಒಂದು ಬೆಳಿಗ್ಗೆ ದೇವರಿಗೆ ಹಚ್ಚಿದ ಊದುಬತ್ತಿಯ ಹೊಗೆ ನೆಟ್ಟಗೆ ಮೇಲೇಳದೆ ಅಡ್ಡಕ್ಕೆ ಓಡುತ್ತಿದ್ದುದನ್ನು ಕಂಡು, ಅದನ್ನೇ ಹಿಡಿದು ಮನೆಯೆಲ್ಲ ಸುತ್ತಿದೆ. ಮುಂಬಾಗಿಲಿನ ಹೊಸ್ತಿಲ ಬಳಿ ಹೊಗೆ ಒಳಮುಖವಾಗಿ ಬಾಗಿತು. ಕಿಟಕಿಯ ಎರಡು ಪಟಗಳು ಸೇರುವಲ್ಲಿ ನಡುಗಿತು. ಗೋಡೆ ಮತ್ತು ನೆಲ ಸೇರುವ ಪಟ್ಟಿಯ ಕೆಳಗೆ, ಸ್ವಿಚ್ಚುಗಳ ಸುತ್ತ, ಅಟ್ಟದ ಮುಚ್ಚಳದ ಅಂಚಿನಲ್ಲಿ, ಎಲ್ಲೆಲ್ಲೂ ಅದು ತನ್ನ ಗುಟ್ಟು ಹೇಳಿತು. ಹಳೆಯ ಅಗ್ಗಿಷ್ಟಿಕೆಯ ಮುಂದೆ ಹಿಡಿದಾಗಲಂತೂ ಹೊಗೆ ಹಗ್ಗ ಎಳೆದಂತೆ ಸರಕ್ಕನೆ ಚಿಮಣಿಯೊಳಗೆ ಹೋಯಿತು. ನಾವು ಎಂದೂ ಬೆಂಕಿ ಹಾಕದ ಆ ಚಿಮಣಿ ಮನೆಯ ಬಿಸಿಗಾಳಿಯನ್ನು ಹಗಲಿರುಳು ಹೀರುತ್ತಿತ್ತು, ಅದು ಹೀರಿದಷ್ಟು ತಣ್ಣನೆಯ ಗಾಳಿ ಉಳಿದ ಸಂದುಗಳಿಂದ ಒಳಗೆ ಬರುತ್ತಿತ್ತು. ದಪ್ಪ ಚೀಲಕ್ಕೆ ಹಳೆಯ ಪತ್ರಿಕೆ ತುರುಕಿ ಚಿಮಣಿಯ ಗಂಟಲಿಗೆ ಸಿಕ್ಕಿಸಿದೆವು. ಮುಂದೆ ಯಾರಾದರೂ ತಿಳಿಯದೆ ಬೆಂಕಿ ಹಾಕದಿರಲೆಂದು ಅಲ್ಲೇ ಒಂದು ಚೀಟಿಯನ್ನೂ ಅಂಟಿಸಿದೆವು. ಕಿಟಕಿಗಳಿಗೆ ಕುಂಚದಂಥ ಕೂದಲಿನ ಪಟ್ಟಿ, ಬಾಗಿಲುಗಳಿಗೆ ರಬ್ಬರ್ ಪಟ್ಟಿ ಬಂದವು. ಒಳಬಾಗಿಲುಗಳ ಅಡಿಗೆ ಅಪ್ಪನ ಹಳೆಯ ಪಂಚೆಯಲ್ಲಿ ಉದ್ದನೆಯ ಚೀಲ ಹೊಲಿದು ಮರಳು ತುಂಬಿ ಇಟ್ಟಿದ್ದೇನೆ. ಅಂಗಡಿಯಲ್ಲಿ ಸಿಗುವುದಕ್ಕಿಂತ ಇದೇ ಚೆನ್ನಾಗಿ ಕೂರುತ್ತದೆ.

ಇದು ನನಗೆ ಒಗ್ಗಿಕೊಳ್ಳಲು ಕಷ್ಟವಾದ ಸಂಗತಿ. ನಮ್ಮ ಕಡೆಯ ಹೆಂಚಿನ ಮನೆಯಲ್ಲಿ ಗಾಳಿ ಬರಬೇಕು, ಒಲೆಯ ಹೊಗೆ ಹೆಂಚಿನ ಸಂದಿನಿಂದ ಹೋಗಬೇಕು. ಮನೆಯೆಂದರೆ ಗಾಳಿಯಾಡುವ ಜಾಗ ಎಂದು ಕಲಿತವಳು ಇಲ್ಲಿ ಸಂದು ಮುಚ್ಚುತ್ತಾ ಓಡಾಡುವಾಗ ಏನೋ ಅಪಚಾರ ಮಾಡುತ್ತಿರುವಂತೆ ಅನ್ನಿಸುತ್ತಿತ್ತು.

ಕಿಟಕಿಗಳ ಬಗ್ಗೆ ಬಂದ ಸಲಹೆಗಳೆಲ್ಲ ದುಬಾರಿಯವೇ. ಒಳಗೆ 18 ಡಿಗ್ರಿ, ಹೊರಗೆ 2 ಡಿಗ್ರಿ ಇರುವಾಗ ಒಂಟಿ ಗಾಜಿನ ಒಳಮೈ ಆರೇಳು ಡಿಗ್ರಿಯಷ್ಟೇ ಇರುತ್ತದೆ. ಕೋಣೆಯ ಗಾಳಿಯ ತೇವಾಂಶ ಶೇಕಡಾ 65 ಇದ್ದರೆ ಅದು 11 ಡಿಗ್ರಿಯ ಮೈ ಸಿಕ್ಕಲ್ಲೆಲ್ಲ ಹನಿಗಟ್ಟುತ್ತದೆ. ಬೆಳಿಗ್ಗೆ ಕಿಟಕಿಯ ಚೌಕಟ್ಟಿನಲ್ಲಿ ಕೆರೆ ಕಟ್ಟುವುದು ಇದರಿಂದ. ಜೋಡಿ ಗಾಜು ಹಾಕಿಸಿದರೆ ಒಳ್ಳೆಯದೇ, ಆದರೆ ತೂಕದ ಗುಂಡುಗಳು ಹಗ್ಗದಲ್ಲಿ ತೂಗುವ ಈ ಹಳೆಯ ಜಾರುಕಿಟಕಿಗಳಿಗೆ ಗಾಜಿನ ಭಾರ ಎರಡಾದರೆ ಗುಂಡುಗಳನ್ನೂ ಬದಲಿಸಬೇಕು. ಅಷ್ಟು ಹಣ ನಮ್ಮಲ್ಲಿರಲಿಲ್ಲ. ಮಲಗುವ ಕೋಣೆಗಳ ಕಿಟಕಿಗೆ ಒಳಬದಿಯಿಂದ ಅಕ್ರಿಲಿಕ್ ಹಾಳೆಗಳನ್ನು ಅಯಸ್ಕಾಂತದ ಪಟ್ಟಿಯಿಂದ ಅಂಟಿಸಿ, ಉಳಿದೆಡೆ ಪರದೆಗಳನ್ನು ಬದಲಿಸಿದೆವು. ಪರದೆ ಎಂದರೆ ಸೊಗಸಿಗೆ ಎಂದುಕೊಂಡಿದ್ದೆ. ಕಿಟಕಿಯ ಅಳತೆಗೆ ನಿಲ್ಲುವ ಪರದೆಯ ಹಿಂದೆ ತಣ್ಣಗಾದ ಗಾಳಿ ಕೆಳಗಿಳಿದು ಕಾಲಿಗೆ ಹರಿಯುತ್ತದೆ, ಮೇಲಿನ ಸಂದಿನಿಂದ ಬಿಸಿಗಾಳಿ ಅದರ ಜಾಗಕ್ಕೆ ಹೋಗುತ್ತದೆ. ಪರದೆಯೇ ಒಂದು ತಣ್ಣನೆಯ ಜಲಪಾತವಾಗುತ್ತದೆ. ನೆಲ ಮುಟ್ಟುವಷ್ಟು ಉದ್ದ, ಅಸ್ತರಿಯಿರುವ ಪರದೆ ಹಾಕಿ, ಮೇಲೆ ಗೋಡೆಗೆ ತಾಗುವಂತೆ ಹಲಗೆಯೊಂದನ್ನು ಮುಚ್ಚಿದರೆ ಆ ಸುತ್ತು ನಿಲ್ಲುತ್ತದೆ. ಸೂರ್ಯ ಮುಳುಗಿದೊಡನೆ ಎಳೆಯಬೇಕು. ಆರು ಗಂಟೆಗೆ ನೆನಪಾದರೆ ತಡವಾಯಿತು.

ಗೋಡೆಗಳನ್ನು ಮಾತ್ರ ನಾವು ಮುಟ್ಟಲಿಲ್ಲ. ಹೊರಗಿನಿಂದ ತೂತು ಕೊರೆದು ಗೋಡೆಯ ಪೊಳ್ಳಿಗೆ ಏನನ್ನಾದರೂ ತುಂಬಿಕೊಡುತ್ತೇವೆಂದು ಬಂದವರಿದ್ದರು. ಹೊರಹಲಗೆಯ ಹಿಂದೆ ನೀರು ತಡೆಯುವ ಕಾಗದವಿಲ್ಲದ ಇಂಥ ಮನೆಯಲ್ಲಿ ಗಾಳಿಮಳೆಗೆ ಸ್ವಲ್ಪ ನೀರು ಒಳನುಗ್ಗುವುದು ಸಹಜ, ಅದು ಅಲ್ಲೇ ಇಳಿದು ಪೊಳ್ಳಿನ ಗಾಳಿಗೆ ಒಣಗುವುದೂ ಸಹಜ. ಪೊಳ್ಳು ತುಂಬಿಸಿದರೆ ನೀರಿಗೆ ಚೌಕಟ್ಟಿನ ಮರದವರೆಗೆ ಸೇತುವೆ ಕಟ್ಟಿಕೊಟ್ಟಂತೆ. ಇಲ್ಲಿ ಗೋಡೆ ತುಂಬಿಸಲು ಸಾಮಾನ್ಯವಾಗಿ ನಗರಸಭೆಯ ಪರವಾನಗಿ ಕೇಳುವುದೂ ಇದಕ್ಕೇ. ಮುಂದೆ ಒಳಗೋಡೆಯ ಹಲಗೆ ಬಿಚ್ಚುವ ಸಂದರ್ಭ ಬಂದರೆ, ಹೊರಹಲಗೆಗೆ ತಾಗದಂತೆ ಕಾಗದ ಕೂರಿಸಿ ಆಮೇಲೆ ಹಾಸು ಇಡಬಹುದು. ಅಲ್ಲಿಯವರೆಗೆ ಬೀರು ಗೋಡೆಯಿಂದ ಒಂದು ಗೇಣು ದೂರ ನಿಂತಿರುತ್ತದೆ.

ಇಷ್ಟಾದ ಮೇಲೆಯೇ ಬಿಸಿಯ ಮಾತು. ಹೀಟ್ ಪಂಪ್ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ತರುತ್ತದೆ, ಯಾಕೆಂದರೆ ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಒಳಗೆ ಸಾಗಿಸುತ್ತದೆ. ನಮಗೆ ಮಾರಿದವರು ಕೋಣೆಯ ಅಗಲ ಉದ್ದ ಅಳೆದರು, ತಲೆ ಎತ್ತಿ ಮಾಳಿಗೆಯ ಎತ್ತರ ನೋಡಲಿಲ್ಲ. ಎಂಟಡಿ ಕೋಣೆಗೆ ಸಾಲುವ ಯಂತ್ರ ಹನ್ನೊಂದಡಿ ಕೋಣೆಯಲ್ಲಿ ಮಂಜು ಬಿದ್ದ ಬೆಳಿಗ್ಗೆ ಏದುಸಿರು ಬಿಡುತ್ತದೆ. ಜೊತೆಗೆ ಹೊರಗಿನ ಪೆಟ್ಟಿಗೆಗೆ ಹಿಮ ಕಟ್ಟಿ, ಅದನ್ನು ಕರಗಿಸಲು ಆಗಾಗ ಕೆಲಸ ನಿಲ್ಲಿಸುತ್ತದೆ. ಅಂಥ ದಿನಗಳಿಗೆಂದು ಸೌದೆಯ ಒಲೆಯೊಂದಿದೆ. ಇದು ಗಾಜಿನ ಬಾಗಿಲಿನ, ಹೊಗೆಕೊಳವೆಯ ಮುಚ್ಚಿದ ಒಲೆ. ಹೊಸದಾಗಿ ಹಾಕಿಸುವ ಒಲೆ ಒಂದು ಕಿಲೋ ಸೌದೆಗೆ ಒಂದೂವರೆ ಗ್ರಾಮಿಗಿಂತ ಹೆಚ್ಚು ಹೊಗೆಕಣ ಬಿಡಬಾರದು ಎಂಬ ಮಿತಿ ಇಲ್ಲಿಯ ಪಟ್ಟಣದ ಮನೆಗಳಿಗೆ 2005ರಿಂದ ಇದೆ. ಸೌದೆಯ ವಿಷಯದಲ್ಲಿ ಮಾತ್ರ ನನ್ನ ಮಲೆನಾಡು ಕೈ ಕೊಡಲಿಲ್ಲ. ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟುವ ಮನೆಯಲ್ಲಿ ಬೆಳೆದವಳು ನಾನು. ಮುಂದಿನ ಜುಲೈನ ಸೌದೆಯನ್ನು ಈ ಬೇಸಿಗೆಯಲ್ಲೇ ಸೀಳಿ, ಗಾಳಿಗೆ ಬದಿ ತೆರೆದು ಒಟ್ಟಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಹಸಿ ಸೌದೆಯ ಬೆಂಕಿಯಲ್ಲಿ ಶಾಖದ ಒಂದು ಪಾಲು ಸೌದೆಯೊಳಗಿನ ನೀರು ಕಾಯಿಸುವುದಕ್ಕೇ ಹೋಗುತ್ತದೆ.

ಉಳಿದದ್ದು ನಾವೇ ಹುಟ್ಟಿಸುವ ನೀರಾವಿ. ಇಡ್ಲಿ ಪಾತ್ರೆ ಒಲೆಯ ಮೇಲಿದ್ದಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಹೊಗೆ ಹೊರದೂಡುವ ಫ್ಯಾನ್ ಹಾಕಲೇಬೇಕು. ಒಳಗೆ ಬಟ್ಟೆ ಒಣಗಿಸಿದರೆ ಒಂದು ಮೆಷಿನ್ ಬಟ್ಟೆಗೆ ಐದು ಲೀಟರ್ ನೀರಿನ ಲೆಕ್ಕ. ಆದ್ದರಿಂದ ಬಟ್ಟೆ ವರಾಂಡದಲ್ಲಿ ಎರಡು ದಿನ ಒಣಗಿದರೂ ಚಿಂತೆಯಿಲ್ಲ. ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು, ಚಳಿಯ ಬೆಳಿಗ್ಗೆ ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆಯಬೇಕೆಂಬ ಮಾತು. 5 ಡಿಗ್ರಿಯ ಗಾಳಿ ಹೊರಗೆ ಶೇಕಡಾ 90 ತೇವವಿದ್ದರೂ, ಒಳಬಂದು 18 ಡಿಗ್ರಿಗೆ ಕಾದಾಗ ಅದರ ತೇವಾಂಶ ಶೇಕಡಾ 40ಕ್ಕಿಂತ ಕಡಿಮೆ. ಹತ್ತು ನಿಮಿಷದಲ್ಲಿ ಗಾಳಿ ಮಾತ್ರ ಬದಲಾಗುತ್ತದೆ, ಗೋಡೆ, ಮಂಚ, ಪುಸ್ತಕಗಳ ಬಿಸಿ ಹಾಗೇ ಇರುತ್ತದೆ. ತೇವಾಂಶ ಇಳಿಯುವುದನ್ನು ನಮ್ಮ ಪುಟ್ಟ ಮಾಪಕದಲ್ಲಿ ನಾನೇ ನೋಡಿದ್ದೇನೆ.

ಒಟಾಗೊ ವಿಶ್ವವಿದ್ಯಾಲಯದ ಫಿಲಿಪ್ಪಾ ಹೌಡೆನ್-ಚಾಪ್‌ಮನ್ ಮತ್ತು ಸಂಗಡಿಗರು 1,350 ಮನೆಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ಸುಲೇಷನ್ ಹಾಕಿದ ಹಳೆಯ ಮನೆಗಳ ಮಲಗುವ ಕೋಣೆ ಬೆಚ್ಚಗಾದದ್ದು ಸರಾಸರಿ ಅರ್ಧ ಡಿಗ್ರಿ ಮಾತ್ರ. ಆದರೂ ಜನರ ಉಬ್ಬಸ ಇಳಿದಿತ್ತು, ಮಕ್ಕಳು ಶಾಲೆ ತಪ್ಪಿಸುವುದು ಕಡಿಮೆಯಾಗಿತ್ತು, ಇಂಧನದ ಬಳಕೆ ಇತರ ಮನೆಗಳ ಶೇಕಡಾ 81ರಷ್ಟಿತ್ತು. ಮೊದಲು ಓದಿದಾಗ ಅರ್ಧ ಡಿಗ್ರಿಗೆ ಇಷ್ಟೆಲ್ಲ ಯಾಕೆ ಎಂದಿದ್ದೆ. ಆ ಮನೆಗಳಲ್ಲಿ ತೇವಾಂಶವೂ ಇಳಿದಿತ್ತು ಎಂಬ ಸಾಲು ಆಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಈ ಬೆಳಿಗ್ಗೆ ಆರು ಗಂಟೆಗೆ ಹೊರಗೆ ಹುಲ್ಲು ಬೆಳ್ಳಗಾಗಿತ್ತು. ಮಲಗುವ ಕೋಣೆಯ ಮಾಪಕ 15 ಡಿಗ್ರಿ ತೋರಿಸಿತು, ತೇವಾಂಶ ಶೇಕಡಾ 58. ಬೀರುವಿನ ಹಿಂದೆ ಕೈ ಹಾಕಿದರೆ ಗೋಡೆ ತಣ್ಣಗಿತ್ತು, ಒಣಗಿತ್ತು. ಹಿಂಬದಿಗೆ ಆಮೇಲೆ ಯಾರೋ ಸೇರಿಸಿದ ಸ್ನಾನದಮನೆ ಮಾತ್ರ ಇನ್ನೂ 9 ಡಿಗ್ರಿಯಲ್ಲೇ ಇದೆ. ಅದರ ನೆಲದಡಿಗೆ ತೆವಳಲು ಜಾಗವಿಲ್ಲ, ಮೇಲಿನಿಂದ ಹಲಗೆ ಕಿತ್ತೇ ಕೆಲಸ ಮಾಡಬೇಕೆಂದು ಬಡಗಿ ಹೇಳಿ ಹೋಗಿದ್ದಾನೆ, ನವೆಂಬರ್‌ನಲ್ಲಿ ಬರುತ್ತಾನಂತೆ.